ಅವರ ಹೆಸರಿಗೊಂದು ಒಡಪು

ಮಗಳು ಅವತ್ತು ಶಾಲೆಯಿಂದ ಬಂದವಳು ಬೂಟು ಬಿಚ್ಚದೆಯೇ ಅಡುಗೆಮನೆಯವರೆಗೆ ಬಂದು ನಿಂತಳು. ಬೆನ್ನಿನ ಚೀಲವನ್ನೂ ಇಳಿಸಿರಲಿಲ್ಲ.

"ಮಮ್ಮಿ, ನೀನೂ ಪಪ್ಪಾನೂ ಜಗಳಾಡ್ತಿದ್ರೇನು?"

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಹಿಟ್ಟಿನ ಮೇಲೆಯೇ ನಿಂತಿತು. ಅವಳ ಪಪ್ಪಾ ತೀರಿಹೋಗಿ ಆಗಷ್ಟೇ ವರ್ಷ ತುಂಬಿತ್ತು. ಆ ವರ್ಷವಿಡೀ ಜನ ನನ್ನನ್ನು ಏನೇನೋ ಕೇಳಿದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಯಾರು ಹೇಳಿದ್ರು ನಿನಗ ಹಂಗಂತ?"

"ಯಾರೂ ಹೇಳಿಲ್ಲ. ಇಂಗ್ಲಿಷ್ ಮಿಸ್ ಕೇಳಿದ್ರು. ಎಲ್ಲಾರ ಮುಂದ," ಎಂದಳು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು.

ಬೈಲಹೊಂಗಲದ ಒಂದು ಇಂಗ್ಲಿಷ್ ಶಾಲೆಯಲ್ಲಿ ಅವಳು ಏಳನೆಯ ತರಗತಿ. ನಾನು ರಾಮದುರ್ಗದ ಕಡೆಯ ಹಳ್ಳಿಯವಳು, ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದೇನೆ. ಅವಳ ಪಾಠಗಳು ನನಗೆ ತಿಳಿಯುವುದಿಲ್ಲ. ಆದರೆ ದಿನಾ ಸಂಜೆ ಅವಳು ಓದಿದ್ದನ್ನು ಕನ್ನಡದಲ್ಲಿ ಹೇಳಿಸಿಕೊಂಡು ಕೇಳುತ್ತೇನೆ. ಆ ವಾರದ ಪಾಠ ಯಾವುದೋ ದೂರ ದೇಶದ ಹುಡುಗಿಯದು. ಅವಳ ಅಜ್ಜಿ ಬೇರೆ ನಾಡಿನಿಂದ ಬಂದವಳು. ಅಜ್ಜಿಯ ಮಾತು, ಅಜ್ಜಿಯ ಅಡುಗೆ ಎಂದರೆ ಹುಡುಗಿಗೆ ಮೊದಲು ನಾಚಿಕೆ, ಆಮೇಲೆ ಪ್ರೀತಿ. ಪಾಠ ಮುಗಿದ ಮೇಲೆ ಮಿಸ್ ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ನಿಮ್ಮ ಮನೆಯಲ್ಲಿ ಹಿರಿಯರಿಂದ ಬಂದದ್ದು ಏನಿದೆಯೋ ಅದನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಚೆನ್ನಾಗಿ ಬರೆದವರು ಪಾಲಕರ ಜೊತೆ ಶಾಲೆಯ ಹಾಲಿನಲ್ಲಿ ನಿಂತು ಅದನ್ನು ಹೇಳಬೇಕು.

ನಮ್ಮ ಕಡೆಯ ಮಕ್ಕಳಿಗೆ ಇಂಥದ್ದು ಕೊಟ್ಟರೆ ಏನು ಬರೆಯುತ್ತಾರೆ ಎಂದು ಹೇಳಬೇಕಾಗಿಲ್ಲ. ಅರ್ಧ ಕ್ಲಾಸು ಕಿತ್ತೂರಿನ ಕೋಟೆಯನ್ನು ಬರೆದಿತ್ತು. ನಮ್ಮ ಮುತ್ತಜ್ಜ ರಾಣಿಯ ಸೈನ್ಯದಲ್ಲಿದ್ದ, ನಮ್ಮ ಮುತ್ತಜ್ಜನ ಅಪ್ಪ ರಾಣಿಯ ಕುದುರೆ ನೋಡಿಕೊಳ್ಳುತ್ತಿದ್ದ. ಅಷ್ಟೂ ಮುತ್ತಜ್ಜರು ನಿಜವಾಗಿ ಅಲ್ಲಿದ್ದಿದ್ದರೆ ಕೋಟೆ ಬೀಳುತ್ತಲೇ ಇರಲಿಲ್ಲ ಎಂದು ನಾನು ಅವಳಿಗೆ ಹೇಳಿದ್ದೆ. ಅದನ್ನೇ ಹಿಡಿದುಕೊಂಡು ಅವಳು ಬೇರೆ ಏನೋ ಬರೆಯಲು ಹೋಗಿದ್ದಳು.

"ಏನಂತ ಬರದಿದ್ದಿ?"

"ನಮ್ಮ ಮನ್ಯಾಗ ನಮ್ಮ ಮಮ್ಮಿ ಎಂದೂ ನಮ್ಮ ಪಪ್ಪಾನ ಹೆಸರು ಹಿಡದು ಕರೀತಿದ್ದಿಲ್ಲ, ಅಂತ."

"ಮುಂದ?"

"ಮುಂದ ಒಡಪಿಂದು ಬರೀಬೇಕಿತ್ತು. ಒಡಪಿಗೆ ಇಂಗ್ಲಿಷ್‌ನ್ಯಾಗ ಏನಂತಾರ ಗೊತ್ತಾಗ್ಲಿಲ್ಲ. ಅಲ್ಲೇ ಬಿಟ್ಟೆ."

ಮಿಸ್ ಕರಾವಳಿಯ ಕಡೆಯವರು, ಇಲ್ಲಿಗೆ ಬಂದು ವರ್ಷವೂ ಆಗಿರಲಿಲ್ಲ. ಆ ಅರ್ಧ ಬರಹ ಓದಿ, ಮಗುವಿನ ಮನೆಯಲ್ಲಿ ಏನೋ ತೊಂದರೆ ಇತ್ತು ಎಂದುಕೊಂಡು, ಅಪ್ಪ ಅಮ್ಮ ಮಾತಾಡುತ್ತಿರಲಿಲ್ಲವಾ ಎಂದು ಮೆಲ್ಲಗೆ ಕೇಳಿದರಂತೆ. ಮೆಲ್ಲಗೆ ಕೇಳಿದರೂ ಕ್ಲಾಸಿನಲ್ಲಿ ಕೇಳಿದ್ದು ಕ್ಲಾಸಿಗೆಲ್ಲ ಕೇಳಿಸುತ್ತದೆ.

ನಾನು ಕೈ ತೊಳೆದುಕೊಂಡೆ. ಸಿಟ್ಟು ಬಂದಿತ್ತು. ಮಿಸ್ ಮೇಲೆ ಬಂದಿತ್ತೋ, ಬೇರೆ ಯಾರ ಮೇಲೋ, ಆ ಗಳಿಗೆಯಲ್ಲಿ ತಿಳಿಯಲಿಲ್ಲ. "ನಾಳೆ ನಾ ಬರತೇನಿ ನಿಮ್ಮ ಸಾಲಿಗೆ," ಎಂದೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರ ನಡುವೆ ಹೆಸರು ಇಟ್ಟು ಹೇಳುತ್ತಾಳೆ. ಅದೇ ಒಡಪು. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ತೊಟ್ಟಿಲು ಕಟ್ಟುವಾಗ ಹೆಂಗಸರು ಸುತ್ತ ಕುಳಿತು ಒಬ್ಬೊಬ್ಬರಿಂದಲೂ ಹೇಳಿಸುತ್ತಾರೆ. ನಾನು ಹೊಸ ಸೊಸೆಯಾಗಿ ನೇಸರಗಿಯ ಮನೆಯ ಬಾಗಿಲಿಗೆ ಬಂದಾಗ ನನ್ನ ನೆಗೆಣ್ಣಿ, ಎಂದರೆ ಭಾವನ ಹೆಂಡತಿ, ಹೊಸ್ತಿಲಿಗೆ ಅಡ್ಡ ನಿಂತರು.

"ಹೆಸರು ಹೇಳಿದ್ರ ಒಳಗ. ಇಲ್ಲಾಂದ್ರ ರಾಮದುರ್ಗದ ಬಸ್ಸು ಇನ್ನೂ ಹೋಗಿಲ್ಲ ನೋಡವಾ," ಎಂದರು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ.

ಹತ್ತಿ ಬಿಡಿಸಿದರ ಬೆಳ್ಳಗ, ರೊಟ್ಟಿ ಬಡದರ ತೆಳ್ಳಗ,
… ರಾಯರ ಹೆಸರು ಹೇಳತೇನಿ, ಬಿಡ್ರಿ ನನ್ನ ಒಳಗ.

ಚುಕ್ಕಿ ಇಟ್ಟಲ್ಲಿ ಅವರ ಹೆಸರು. ಅದನ್ನು ಇಲ್ಲಿ ಬರೆಯುತ್ತಿಲ್ಲ. ಒಡಪಿನ ಹೆಸರನ್ನು ಬಾಯಿಂದ ಹೇಳಬೇಕು, ಎದುರಿಗೆ ಕೇಳುವವರು ಇರಬೇಕು. ಕಾಗದದ ಮೇಲೆ ಇಟ್ಟರೆ ಅದು ರೇಷನ್ ಕಾರ್ಡಿನಲ್ಲಿ ಇದ್ದ ಹಾಗೆ ಸುಮ್ಮನೆ ಇರುತ್ತದೆ.

ಅವರಿಗೆ ಒಡಪು ಕೇಳುವ ಚಟ. ಟೆಂಪೊದಂಥ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಿದ್ದರು, ನೇಸರಗಿಯಿಂದ ಧಾರವಾಡಕ್ಕೆ ಕಾಯಿಪಲ್ಲೆ ಒಯ್ಯುತ್ತಿದ್ದರು. ಬಂಧುಗಳ ಮನೆಯಲ್ಲಿ ಕಾರ್ಯ ಇದ್ದರೆ ಏನಾದರೂ ನೆಪ ಮಾಡಿ ಹೆಂಗಸರು ಕುಳಿತ ಖೋಲಿಯ ಹೊರಗೆ ಬಂದು ನಿಲ್ಲುತ್ತಿದ್ದರು. ನನ್ನ ಸರದಿ ಮುಗಿದ ಕೂಡಲೇ ಹೊರಗಿನಿಂದ, "ಇನ್ನೊಮ್ಮೆ ಹೇಳಸ್ರಿ, ಇಲ್ಲಿಗೆ ಕೇಳಿಸಲಿಲ್ಲ," ಎಂದು ಕೂಗುತ್ತಿದ್ದರು. ಒಳಗೆ ಹೋ ಎಂದು ನಗು. ನನಗೆ ಮುಖ ಬಿಸಿಯಾಗುತ್ತಿತ್ತು, ಆದರೂ ಮುಂದಿನ ಕಾರ್ಯಕ್ಕೆ ಹೊಸ ಒಡಪು ಕಟ್ಟಿಕೊಂಡೇ ಹೋಗುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅವರನ್ನು 'ರೀ' ಎಂದಷ್ಟೇ ಕರೆಯುತ್ತಿದ್ದೆ. ಇದಕ್ಕೆ ಜಗಳ ಎನ್ನುವುದಾದರೆ ನಾವು ಹದಿಮೂರು ವರ್ಷ ಜಗಳಾಡಿದೆವು.

ಅವರು ಹೋದದ್ದು ಕಿತ್ತೂರಿನ ಹತ್ತಿರ, ಹೈವೇ ಮೇಲೆ. ಎದೆ ನೋವು ಬಂದಾಗ ಗಾಡಿಯನ್ನು ಬದಿಗೆ ತೆಗೆದುಕೊಂಡು, ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ಸ್ಟೇರಿಂಗಿನ ಮೇಲೆ ತಲೆ ಇಟ್ಟಿದ್ದರು. ಹಿಂದೆ ಟೊಮೆಟೊ ಒಂದೂ ಉರುಳಿರಲಿಲ್ಲ ಎಂದು ನೋಡಿದವರು ಹೇಳಿದರು. ಮಣ್ಣು ಕೊಟ್ಟು ಬಂದ ಮೇಲೆ ನಾನು ಕಚೇರಿಗಳಿಗೆ ಅಲೆದೆ. ಕಿಟಕಿಯ ಒಳಗಿನಿಂದ, "ಹೆಸರು ಹೇಳ್ರಿ," ಎಂದರು. ಹೇಳಿದೆ. ಪ್ರಾಸವಿಲ್ಲದೆ, ನಗುವವರಿಲ್ಲದೆ, ಜೀವನದಲ್ಲಿ ಮೊದಲ ಸಲ ಅವರ ಹೆಸರನ್ನು ಬರಿದಾಗಿ ಹೇಳಿದ್ದು ಅವರು ಸತ್ತಿದ್ದಾರೆ ಎಂದು ಬರೆಸಲು.

ಆಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಕೇಳಿಸಲಿಲ್ಲ. ಮಗಳಿಗೆ ಅವರು ಪಪ್ಪಾ. ಮಗಳ ಶಾಲೆಗೆಂದು ನೇಸರಗಿ ಬಿಟ್ಟು ಬಂದಾಗಿನಿಂದ ಅತ್ತೆ ನಮ್ಮ ಜೊತೆ ಬೈಲಹೊಂಗಲದಲ್ಲೇ ಇದ್ದಾರೆ. ಮಗನನ್ನು ಕಳೆದುಕೊಂಡ ಮೇಲೆ ಅವರು 'ಅಂವ' ಎಂದಷ್ಟೇ ಅನ್ನುತ್ತಿದ್ದರು, ಅದೂ ಅಪರೂಪಕ್ಕೆ. ನಾನು ಹೇಳುವಂತಿಲ್ಲ. ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಆದರೆ ಅದು ಹೇಗಿರುತ್ತದೆ ಎಂದು ಗೊತ್ತಾದದ್ದು ನೆಗೆಣ್ಣಿಯ ಮಗಳ ಕುಬಸದಲ್ಲಿ. ಸಾಲಾಗಿ ಕುಳಿತಿದ್ದೆವು. ಒಬ್ಬಾಕೆ ಪ್ರತಿಯೊಬ್ಬರ ಮುಂದೆ ಬಂದು ಗದ್ದ ಹಿಡಿದು ಎತ್ತಿ, "ಹೇಳವಾ ನಿನ್ನ ರಾಯನ ಹೆಸರು," ಎನ್ನುತ್ತಿದ್ದಳು. ನನ್ನ ಹತ್ತಿರ ಬಂದಳು. ನಾನು ಕುಳಿತಲ್ಲಿ ಒಂದು ಕಂಬ ಇದ್ದ ಹಾಗೆ ಸುತ್ತಿ ಹಾಯ್ದು ಮುಂದಿನವಳ ಗದ್ದ ಹಿಡಿದಳು. ಬಾಯಲ್ಲಿ ಬಂದಿದ್ದನ್ನು ನುಂಗಿಕೊಂಡೆ.

ಅವರು ಬದುಕಿದ್ದಾಗ ಹೆಸರು ಹೇಳಬಾರದು, ಒಡಪಿನಲ್ಲಿ ಮಾತ್ರ ಹೇಳಬೇಕು. ಸತ್ತ ಮೇಲೆ ಒಡಪನ್ನೇ ಹೇಳಬಾರದು. ಹಾಗಾದರೆ ಆ ಹೆಸರನ್ನು ನಾನು ಎಲ್ಲಿ ಇಡಬೇಕು? ಇದನ್ನು ಕೇಳಲು ನನಗೆ ಯಾರೂ ಇರಲಿಲ್ಲ.

ಮರುದಿನ ಶಾಲೆಗೆ ಹೋದೆ. ಮಿಸ್ ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು. ಚಿಕ್ಕ ವಯಸ್ಸು, ಮುಖದಲ್ಲಿ ಹೆದರಿಕೆ.

"ಸಾರಿ ಮೇಡಂ. ನಾನು ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಮಗು ಹಾಗೆ ಬರೆದಿದ್ದಳು, ಅದಕ್ಕೆ…"

"ನೀವು ಕೇಳಿದ್ದು ಇರಲಿ ಬಿಡ್ರಿ. ಅಕಿ ಅರ್ಧಾ ಬರದಾಳ. ಉಳಿದದ್ದು ನಾ ಹೇಳತೇನಿ, ಕುಂತ ಕೇಳ್ರಿ."

ಹೊಸ್ತಿಲ ಮೇಲೆ ಹೇಳಿದ ಆ ಒಡಪನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ. ಹೆಸರು ಇಟ್ಟೇ ಹೇಳಿದೆ. ಮೂಲೆಯಲ್ಲಿ ಮಕ್ಕಳ ವಹಿ ತಿದ್ದುತ್ತಿದ್ದ ಗಣಿತದ ಸರ್ ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿಕೊಂಡರು. ಅವರು ಇಲ್ಲಿಯವರೇ, ಅವರಿಗೆ ತಿಳಿಯಿತು. ಮಿಸ್‌ಗೆ ತಿಳಿಯಲಿಲ್ಲ. ಅವರ ಕಣ್ಣುಗಳು ಅಗಲವಾದವು.

"ಇದು ಕವಿತೆ ಅಲ್ವಾ ಮೇಡಂ! ಯಾರು ಬರೆದದ್ದು?"

"ಯಾರು ಬರೀತಾರ್ರಿ? ನಾನ ಕಟ್ಟಿದ್ದು. ಎಲ್ಲಾರೂ ತಮ್ಮ ತಮ್ಮದು ತಾವ ಕಟ್ಟತಾರ."

"ಎಲ್ಲರೂ?" ಎಂದು ಕೇಳಿ, ಮೇಜಿನ ಮೇಲಿದ್ದ ಮಗಳ ಬರಹವನ್ನು ಎತ್ತಿಕೊಂಡರು. "ಹಾಗಿದ್ರೆ ಸ್ಟೇಜ್ ಮೇಲೆ ನೀವೇ ಹೇಳಬೇಕು. ಮಗಳು ಇಂಗ್ಲಿಷಲ್ಲಿ ಅರ್ಥ ಹೇಳಲಿ."

ಗಣಿತದ ಸರ್ ಕೆಮ್ಮಿದರು. ಮಿಸ್‌ಗೆ ಅದೂ ತಿಳಿಯಲಿಲ್ಲ. ಮಿಸ್ ನನ್ನ ಹಣೆಯ ವಿಭೂತಿಯನ್ನು, ಬಳೆಯಿಲ್ಲದ ಕೈಯನ್ನು ನೋಡಿದ್ದರೂ ಇಂಥವಳು ಒಡಪು ಹೇಳುವಂತಿಲ್ಲ ಎಂದು ಅವರಿಗೆ ಗೊತ್ತಿಲ್ಲವೆಂದು ಆಗ ಗಮನಿಸಿದೆ. ಊರಿನ ಯಾವ ಹೆಂಗಸೂ ನನ್ನನ್ನು ಕೇಳದ ಮಾತನ್ನು ಇವರು ಗೊತ್ತಿಲ್ಲದೆ ಕೇಳಿದ್ದರು. ಗೊತ್ತಿದ್ದದ್ದು ನನಗೆ.

"ಆತ್ರಿ," ಎಂದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಕಟ್ಟೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಗಂಡ ಹೋದಾಕಿ ಒಡಪು ಹಾಕೂದು ಎಲ್ಲೆರ ಕೇಳೀಯೇನು?" ಎಂದರು, ಕೈ ನಿಲ್ಲಿಸದೆ. "ನಿಮ್ಮ ಮಾವ ಹೋಗಿ ಎಷ್ಟು ಕಾಲ ಆತು. ನಾ ಒಮ್ಮೆರ ಬಾಯಿ ತಗದೇನೇನು?"

"ಯಾಕ ತಗೀಲಿಲ್ರಿ ಅತ್ತಿ?"

"ತಗೀಬಾರದು."

"ತಗದಿದ್ರ ಏನಾಗ್ತಿತ್ತು? ಮಾವ ಇನ್ನೊಮ್ಮೆ ಸಾಯ್ತಿದ್ರೇನು?"

ಹಿರಿಯರ ಮುಂದೆ ಆಡುವ ಮಾತಲ್ಲ. ಆಡಿದೆ, ತಿರುಗಿ ತೆಗೆದುಕೊಳ್ಳಲಿಲ್ಲ. ಅತ್ತೆ ಬೆಳ್ಳುಳ್ಳಿಯ ಸಿಪ್ಪೆಯನ್ನು ಸೆರಗಿನಿಂದ ಝಾಡಿಸಿದರು.

"ಆ ಹೆಸರು ಇಟ್ಟಾಕಿ ನಾನು," ಎಂದರು. "ಮೈಕಿನ್ಯಾಗ ಹಚ್ಚಿ ಅದನ್ನ ನನಗ ಕೇಳಸ್ತೀಯೇನು? ನಾ ಬರೂದಿಲ್ಲ. ನೀ ಹೋಗಬ್ಯಾಡ."

ಅತ್ತೆಯ ಸಿಟ್ಟೆಂದು ನಾನು ತಿಳಿದಿದ್ದು, ಆ ಹೆಸರು ಕೇಳುವ ಹೆದರಿಕೆಯಾಗಿತ್ತು. ಅವರ ಹೆದರಿಕೆಗೆ ನಾನು ಮಣಿಯಬಹುದಿತ್ತು. ಮಣಿಯಲಿಲ್ಲ. ಮಗಳ ಕ್ಲಾಸಿನ ಅಷ್ಟೂ ಮಕ್ಕಳು, ಅವಳ ಅಪ್ಪ ಅಮ್ಮ ಮಾತು ಬಿಟ್ಟಿದ್ದರು ಎಂದು ತಿಳಿದುಕೊಂಡು ಮನೆಗೆ ಹೋಗಿದ್ದರು. ಅದನ್ನು ಹಾಗೇ ಬಿಡಲು ನನ್ನಿಂದ ಆಗುತ್ತಿರಲಿಲ್ಲ.

ಹಳೆಯ ಒಡಪನ್ನು ವೇದಿಕೆಯಲ್ಲಿ ಹೇಳಲಾಗದು. ಅದು ಬಾಗಿಲಿಗೆ ಬಂದ ಮದುಮಗಳದು. ಈಗಿನ ನನಗೆ ಈಗಿನದೊಂದು ಬೇಕು. ರೊಟ್ಟಿ ಬಡಿಯುತ್ತ, ಬಟ್ಟೆ ಒಗೆಯುತ್ತ ಕಟ್ಟಲು ನೋಡಿದೆ. ಒಡಪು ಕಟ್ಟುವುದು ಬಿಟ್ಟು ಬಹಳ ದಿನವಾಗಿತ್ತು, ಮಾತುಗಳು ಒಣಗಿಹೋಗಿದ್ದವು.

"'ಹೈವೇದ ಮ್ಯಾಲ ಲಾರಿ, ಧಾರವಾಡಕ್ಕ ದಾರಿ.' ಹೆಂಗೈತಿ?" ಎಂದು ಮಗಳನ್ನು ಕೇಳಿದೆ.

"ಇದು ಬಸ್‌ಸ್ಟ್ಯಾಂಡಿನ ಬೋರ್ಡ್ ಆತು ಮಮ್ಮಿ."

ಆ ವರ್ಷದಲ್ಲಿ ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು. ಮೂರು ನಾಲ್ಕು ಹೀಗೇ ಹಾಳಾದವು. ಒಂದರಲ್ಲಿ ಜಾತ್ರೆಯ ಸವದತ್ತಿ ಗುಡ್ಡ ತಂದೆ, ಅಲ್ಲಿನ ಅರಿಸಿನದ ಭಂಡಾರ ತಂದೆ, ಉಗರಗೋಳದ ಬಳೆ ಅಂಗಡಿಯನ್ನೂ ತಂದೆ. ಪ್ರಾಸ ಚೆನ್ನಾಗಿತ್ತು. ಆದರೆ ಅದರಲ್ಲಿ ಅವರು ಇರಲಿಲ್ಲ, ಜಾತ್ರೆಗೆ ಬಂದ ಯಾರ ಗಂಡನಿಗಾದರೂ ಹೊಂದುತ್ತಿತ್ತು. ಕಡೆಗೆ ಒಂದು ಬೆಳಿಗ್ಗೆ ಅಂಗಳ ಗುಡಿಸುವಾಗ ತಾನಾಗಿ ಬಂತು. ಅವರ ಗಾಡಿಯನ್ನು ನಾನು ಇನ್ನೂ ಮಾರಿರಲಿಲ್ಲ. ಅದರ ಚಕ್ರದ ಸುತ್ತ ಗುಡಿಸುತ್ತಿದ್ದೆ. ಒಳಗೆ ಬಂದು ಹೇಳಿದೆ. ಮಗಳು ಬೋರ್ಡು ಎನ್ನಲಿಲ್ಲ.

ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಲು ಎರಡು ಸಂಜೆ ಒದ್ದಾಡಿದಳು.

"ಇಂಗ್ಲಿಷ್‌ನ್ಯಾಗ ಪ್ರಾಸ ಕೂಡವಲ್ದು ಮಮ್ಮಿ."

"ಕೂಡಲಿಕ್ಕಂದ್ರ ಬಿಡು. ಹೆಸರು ಒಂದು ತಪ್ಪಬಾರದು."

ಕಾರ್ಯಕ್ರಮದ ದಿನ ಅತ್ತೆ ಬರಲಿಲ್ಲ. ಹಾಲಿನಲ್ಲಿ ಎರಡನೆಯ ಸಾಲಿನಲ್ಲಿ ನೆಗೆಣ್ಣಿ ಕುಳಿತಿದ್ದರು. ಅವರ ಚಿಕ್ಕ ಮಗನೂ ಅದೇ ಶಾಲೆ.

"ನೀ ಏನ್ ಹೇಳಾಕಿ? ಹಾಡೇನು?" ಎಂದು ಕೇಳಿದರು.

"ಒಡಪು, ಅಕ್ಕಾ."

ತಮಾಷೆ ಎಂದುಕೊಂಡು ನಕ್ಕರು. ನಾನು ನಗದಿದ್ದುದನ್ನು ನೋಡಿ ಅವರ ನಗು ನಿಂತಿತು.

ನಮಗಿಂತ ಮೊದಲು ರಟ್ಟಿನ ಖಡ್ಗ ಹಿಡಿದ ಮೂವರು ಬಂದು ಹೋದರು. ಒಬ್ಬನ ಖಡ್ಗ ಬಾಗಿತ್ತು. ಅವನ ಅಪ್ಪ ಕೆಳಗಿನಿಂದಲೇ ಸರಿ ಮಾಡು, ಸರಿ ಮಾಡು ಎಂದು ಸನ್ನೆ ಮಾಡುತ್ತಿದ್ದರು. ಆಮೇಲೆ ನಮ್ಮನ್ನು ಕರೆದರು. ಮಗಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಧ್ವನಿ ಮೊದಲು ನಡುಗಿತು, ಆಮೇಲೆ ನೆಟ್ಟಗಾಯಿತು. ನನಗೆ ಅಲ್ಲೊಂದು ಇಲ್ಲೊಂದು ಮಾತು ತಿಳಿಯಿತು. ನನ್ನ ತಂದೆ ತಾಯಿ ಜಗಳಾಡುತ್ತಿರಲಿಲ್ಲ ಎಂದು ಅವಳು ಹೇಳಿದ್ದು ಮಾತ್ರ ಪೂರ್ತಿ ತಿಳಿಯಿತು. ಅದನ್ನು ಮನೆಯಲ್ಲಿ ಅಷ್ಟು ಸಲ ಹೇಳಿಕೊಂಡಿದ್ದಳು.

ಮೈಕು ನನ್ನ ಕೈಗೆ ಬಂತು. ಒಡಪಿನ ಮೊದಲ ಸಾಲು ಹೇಳಿದೆ. ಹೆಸರು ಬರುವ ಜಾಗಕ್ಕೆ ಬಂದಾಗ ಎರಡನೆಯ ಸಾಲಿನಿಂದ ನೆಗೆಣ್ಣಿಯ ಮಾತು ಎಲ್ಲರಿಗೂ ಕೇಳಿಸುವಂತೆ ಬಂತು.

"ಏ ಬ್ಯಾಡವಾ! ಕೂಸಿನ ಮುಂದ ಏನಿದು?"

ಹೆಸರಿನ ಮುಂದೆಯೇ ನಿಂತುಬಿಟ್ಟೆ. ರೂಢಿ ತಿಳಿದ ಹೆಂಗಸರೆಲ್ಲ ತಮ್ಮ ಸೆರಗಿನ ಅಂಚು ನೋಡುತ್ತಿದ್ದರು. ಮುಂದೆ ನೆಲದ ಮೇಲೆ ಕುಳಿತಿದ್ದ ಸಣ್ಣ ಮಕ್ಕಳಿಗೆ ಮಾತ್ರ ನಾನು ಮರೆತೆನೆಂದು ಅನಿಸಿತು. ಮರೆತವರಿಗೆ ಮಕ್ಕಳು ಮಾಡುವ ಹಾಗೆ, "ಹೇಳ್ರಿ ಆಂಟಿ, ಹೇಳ್ರಿ!" ಎಂದು ಕೂಗಿದರು. ನಾನು ಮರೆತಿರಲಿಲ್ಲ. ಒಂದು ದಿನವೂ ಮರೆತಿರಲಿಲ್ಲ. ನೆಗೆಣ್ಣಿಯ ಮುಖವನ್ನೇ ನೋಡುತ್ತ, ಮೊದಲಿನಿಂದ ಹೇಳಿದೆ. ಮೈಕು ಕಿರುಚುವಷ್ಟು ಗಟ್ಟಿಯಾಗಿ.

ಗಾಡಿ ನಿಂತೈತಿ ಅಂಗಳದಾಗ, ಚಾವಿ ಐತಿ ಗೂಡಿನಾಗ,
… ರಾಯರ ಹೆಸರು ಐತಿ ಇನ್ನೂ ನನ್ನ ಬಾಯಾಗ.

ಮಕ್ಕಳು ಚಪ್ಪಾಳೆ ಹೊಡೆದರು. ಅವರು ಎಲ್ಲರಿಗೂ ಹೊಡೆಯುತ್ತಾರೆ, ರಟ್ಟಿನ ಖಡ್ಗಕ್ಕೂ ಹೊಡೆದಿದ್ದರು. ದೊಡ್ಡವರಲ್ಲಿ ಕೆಲವರು ಹೊಡೆದರು, ಕೆಲವರು ಹೊಡೆಯಲಿಲ್ಲ. ಮಗಳು ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು. ಅದರಲ್ಲಿಯೂ ಅವರ ಹೆಸರು ಇತ್ತು, ನೆಟ್ಟಗೆ, ತಪ್ಪಿಲ್ಲದೆ. ಮಿಸ್ ಬದಿಗೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅವರಿಗೆ ಯಾರೋ ನಮ್ಮ ಕಡೆಯ ರೂಢಿಯನ್ನು ಹೇಳಿರಬೇಕು.

ಬಾಗಿಲಲ್ಲಿ ಬುರ್ಖಾ ಹಾಕಿದ ಒಬ್ಬ ತಾಯಿ ನನ್ನ ಕೈ ಹಿಡಿದು, "ನಮ್ಮಾಗೂ ಗಂಡನ ಹೆಸರು ಹೇಳೂದಿಲ್ರಿ. ಛಲೋ ಹೇಳಿದ್ರಿ," ಎಂದು ಹೇಳಿ ಹೊರಟುಹೋದರು. ಅವರ ಹಿಂದೆಯೇ ನೆಗೆಣ್ಣಿ ಬಂದರು.

"ಹೇಳಿದಿ ಬಿಡು. ಇನ್ನ ಮುಂದ ಕುಬಸಕ್ಕ ನಿನ್ನ ಯಾರು ಕರೀತಾರ, ನೋಡೂಣು."

"ಕರದಾಗ ಬಾಯಿ ಮುಚ್ಚಕೊಂಡು ಕುಂತಿದ್ದೆ ಅಕ್ಕಾ. ಕರೀಲಿಕ್ಕಂದ್ರ ಮನ್ಯಾಗ ಕುಂತ ಹೇಳತೇನಿ."

"ಸೊಕ್ಕು ಬಂದೈತಿ ನಿನಗ."

"ಬಂದೈತ್ರಿ," ಎಂದೆ.

ನಾವು ಮನೆ ಮುಟ್ಟುವಷ್ಟರಲ್ಲಿ ನೆಗೆಣ್ಣಿಯ ಫೋನು ಬಂದಾಗಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಊಟಕ್ಕೆ ಕರೆದರೆ ಏಳಲಿಲ್ಲ. ಮಗಳು ಹೋಗಿ ಪಕ್ಕದಲ್ಲಿ ಕುಳಿತು, "ಆಯಿ, ನಾ ಇಂಗ್ಲಿಷ್‌ನ್ಯಾಗ ಹೇಳಿದ್ದು ಹೇಳ್ಲೇನು?" ಎಂದಳು. ಅತ್ತೆ ಬೇಡ ಎನ್ನಲಿಲ್ಲ. ಮಗಳು ಹೇಳಿದಳು. ಆ ಭಾಷೆಯಲ್ಲಿ ಅತ್ತೆಗೆ ತಿಳಿಯುವ ಮಾತು ಒಂದೇ ಇತ್ತು. ಅದು ಬಂದಾಗ ಅವರ ಬೆನ್ನು ಒಮ್ಮೆ ಅಲುಗಿತು. ಅಷ್ಟೇ. ನಾನು ತಪ್ಪಾಯಿತು ಎಂದು ಹೇಳಲು ಹೋಗಲಿಲ್ಲ, ಸಮಾಧಾನ ಮಾಡಲೂ ಹೋಗಲಿಲ್ಲ. ತಾಟಿನಲ್ಲಿ ರೊಟ್ಟಿ, ಪಲ್ಲೆ ಹಾಕಿ ಅವರ ಹತ್ತಿರ ಮುಚ್ಚಿಟ್ಟೆ.

ಬೆಳಿಗ್ಗೆ ನಳ ಬಂದಿತ್ತು. ನಾನು ಹಿತ್ತಲಲ್ಲಿ ಕೊಡ ತುಂಬುತ್ತಿದ್ದೆ. ಒಳಗೆ ಅತ್ತೆ ಎದ್ದ ಸದ್ದು ಕೇಳಿಸಿತು, ಖಾಲಿ ತಾಟು ಎತ್ತಿಟ್ಟ ಸದ್ದು ಕೇಳಿಸಿತು. ಆಮೇಲೆ ಅವರು ಮೊಮ್ಮಗಳನ್ನು ಎಬ್ಬಿಸಿದರು. ದಿನಾ ಅವಳ ಹೆಸರು ಹಿಡಿದು ಎಬ್ಬಿಸುವವರು ಅವತ್ತು, ನಮ್ಮ ಇಂಥವನ ಮಗಳ, ಏಳ, ಸಾಲಿಗೆ ತಡಾ ಆತು, ಎಂದರು. ಇಂಥವ ಎಂದು ನಾನು ಬರೆದಲ್ಲಿ ನನ್ನವರ ಹೆಸರು ಇತ್ತು. ಪೂರ್ತಿ ಹೆಸರಲ್ಲ. ಅವರು ಸಣ್ಣವರಿದ್ದಾಗ ಅತ್ತೆ ಕರೆಯುತ್ತಿದ್ದ ಮೊಟಕು ಹೆಸರು, ನಾನು ಅದನ್ನು ಎಷ್ಟೋ ದಿನದಿಂದ ಕೇಳಿರಲಿಲ್ಲ.

ಮಗಳು ಓ ಎನ್ನಲಿಲ್ಲ, ಗಾಢ ನಿದ್ದೆಯಲ್ಲಿದ್ದಳು. ನಾನು ನಳ ಬಂದ್ ಮಾಡಿದೆ. ಅತ್ತೆ ಇನ್ನೊಮ್ಮೆ ಕರೆದರು, ಈ ಸಲ ಓಣಿಗೆ ಕೇಳಿಸುವ ಹಾಗೆ.